ಭಾನುವಾರ ಹತ್ತು ಗಂಟೆಯ ಸಹಿ

ಕಡೂರು
5 ಏಪ್ರಿಲ್ 1984

ತಂಗಿ ಕಮಲಾದೇವಿಗೆ ಅಣ್ಣ ಚನ್ನಬಸವಯ್ಯನ ಆಶೀರ್ವಾದ.

ನಾವೆಲ್ಲ ಇದ್ದೇವೆ ಎನ್ನಬೇಕು ಅಷ್ಟೆ, ಮನೆಯಲ್ಲಿ ಯಾರ ಮುಖವೂ ಸರಿಯಿಲ್ಲ. ಪೇಪರಿನಲ್ಲಿ ನೋಡಿರುತ್ತೀಯ. ಎಸ್ಸೆಸ್ಸೆಲ್ಸಿ ಗಣಿತದ ಪ್ರಶ್ನೆಪತ್ರಿಕೆ ಮೊದಲೇ ಹೊರಗೆ ಬಂದಿತ್ತಂತೆ, ಪರೀಕ್ಷೆಯನ್ನೇ ರದ್ದು ಮಾಡಿದರು. ನಮ್ಮ ಮಂಗಳ ಎಷ್ಟು ಓದಿದ್ದಳು! ಮೂರು ತಿಂಗಳು ಬೆಳಗಿನ ಜಾವ ನಾಲ್ಕಕ್ಕೆ ನಾನೇ ಎಬ್ಬಿಸಿ ಕೂರಿಸಿದ್ದೇನೆ. ರದ್ದಾದ ಸುದ್ದಿ ರೇಡಿಯೋದಲ್ಲಿ ಬಂದ ಕೂಡಲೇ ಹುಡುಗಿ ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಗೊಳೋ ಎಂದು ಅತ್ತಳು. ನನ್ನಿಂದ ಕೇಳಲಿಕ್ಕಾಗಲಿಲ್ಲ, ಅಂಗಡಿಗೆ ಎದ್ದು ಹೋದೆ. ಮೇ ತಿಂಗಳಲ್ಲಿ ಮತ್ತೆ ಬರೆಯಬೇಕಂತೆ.

ಇದೆಲ್ಲ ನಿಮ್ಮ ಬೆಂಗಳೂರಿನ ಕೆಲಸ. ಯಾವುದೋ ಶಾಲೆಯ ಗುಮಾಸ್ತನಂತೆ, ಬೀರುವಿನ ಕೀಲಿ ಅವನ ಹತ್ತಿರವೇ ಇತ್ತಂತೆ. ಪೇಪರಿನವರು ಹೆಸರು ಹಾಕಿಲ್ಲ. ಏಕೆ ಹಾಕಬಾರದು? ಹೆಸರು ಹಾಕಿ, ಫೋಟೋ ಹಾಕಿ, ಸರ್ಕಲ್ಲಿನಲ್ಲಿ ನಿಲ್ಲಿಸಿ ಪರೀಕ್ಷೆ ಬರೆದ ಮಕ್ಕಳಿಂದಲೇ ಮುಖಕ್ಕೆ ಉಗಿಸಬೇಕು. ಅಂಥವನಿಗೂ ಒಬ್ಬಳು ಹೆಂಡತಿ ಇರುತ್ತಾಳೆ. ಅವಳು ಹೇಗೆ ಅನ್ನ ನುಂಗುತ್ತಾಳೋ ನನಗಂತೂ ತಿಳಿಯದು. ಭಾವನವರೂ ಶಾಲೆಯ ಆಫೀಸಿನಲ್ಲೇ ಇರುವವರು. ಯಾವ ಶಾಲೆ, ಯಾರವನು ಎಂದು ಅವರ ಕಿವಿಗೆ ಬಿದ್ದಿರಬೇಕು. ಕೇಳಿ ಬರಿ.

ರಜೆಗೆ ಇಬ್ಬರೂ ಬನ್ನಿ. ನಿನ್ನ ಅತ್ತಿಗೆ ಗಿರಿಜ ಹಪ್ಪಳಕ್ಕೆ ಕೈ ಹಾಕದೆ ನಿನಗಾಗಿ ಕಾಯುತ್ತಿದ್ದಾಳೆ.

ಚನ್ನಬಸವಯ್ಯ


ಜೆ.ಪಿ. ನಗರ
9 ಏಪ್ರಿಲ್ 1984

ಅಣ್ಣಾ,

ಈ ಪತ್ರವನ್ನು ನಾನು ಟಪಾಲಿಗೆ ಹಾಕುವುದಿಲ್ಲ. ಹಾಕುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೇ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಕೈ ಓಡುವುದಿಲ್ಲ.

ಆ ಗುಮಾಸ್ತ ನಿನ್ನ ಭಾವ.

ಹೋದ ಸೋಮವಾರ ಸಂಜೆ ಶಾಲೆಯಿಂದಲೇ ಕರೆದುಕೊಂಡು ಹೋದರು. ಪರೀಕ್ಷೆಯ ಹಿಂದಿನ ದಿನ ಬಂದ ಪ್ರಶ್ನೆಪತ್ರಿಕೆಯ ಕಟ್ಟು ಆಫೀಸಿನ ಬೀರುವಿನಲ್ಲಿತ್ತು, ಕೀಲಿ ಇವರ ಉಡಿದಾರದಲ್ಲಿತ್ತು. ಬೀಗ ಒಡೆದಿಲ್ಲ, ಕಟ್ಟಿನ ಅರಗಿನ ಮುದ್ರೆ ಮಾತ್ರ ಬಿಟ್ಟಿತ್ತು. ಪೊಲೀಸರಿಗೆ ಇನ್ನೇನು ಬೇಕು? ಇವರು ಕೊರಳಿನ ಲಿಂಗ ಮುಟ್ಟಿ “ನಾನು ತೆಗೆದಿಲ್ಲ ಕಮಲ” ಅಂದರು. ಮುಟ್ಟದಿದ್ದರೂ ನಾನು ನಂಬುತ್ತಿದ್ದೆ. ಹದಿನೇಳು ವರ್ಷದಲ್ಲಿ ಶಾಲೆಯ ಒಂದು ಸೀಮೆಸುಣ್ಣ ಮನೆಗೆ ತಂದ ಮನುಷ್ಯರಲ್ಲ ಅವರು.

ನಾಲ್ಕು ದಿನ ಒಳಗಿದ್ದರು. ಬೇಲು ಕೊಡುತ್ತಾರೆ, ಆದರೆ ಸ್ವಂತ ಹೆಸರಲ್ಲಿ ಮನೆಯೋ ಹೊಲವೋ ಇರುವ ಊರಿನವರೊಬ್ಬರು ಜಾಮೀನು ನಿಲ್ಲಬೇಕು ಎಂದರು ವಕೀಲರು. ನಮ್ಮದು ಬಾಡಿಗೆ ಮನೆ. ಇವರ ಜೊತೆಯವರ ಮನೆಗಳಿಗೆ ಹೋದೆ. ಒಬ್ಬರ ಮನೆ ತಾಯಿಯ ಹೆಸರಲ್ಲಿತ್ತು, ಒಬ್ಬರು ಕಿಟಕಿಯಿಂದಲೇ ಮಾತಾಡಿದರು. ನಿನಗೆ ತಂತಿ ಕೊಡೋಣವೆಂದು ಜಯನಗರದ ಪೋಸ್ಟಾಫೀಸಿಗೆ ಹೋಗಿ, ಫಾರಂ ತೆಗೆದುಕೊಂಡು, ನಿನ್ನ ವಿಳಾಸವನ್ನೂ ಬರೆದು, ಹರಿದು ಹಾಕಿ ವಾಪಸು ಬಂದೆ.

ಕೊನೆಗೆ ನಿಂತವರು ಯಾರು ಗೊತ್ತೇ? ನಮ್ಮ ಹಾಲಿನ ಬೋರಯ್ಯ. ಪುಟ್ಟೇನಹಳ್ಳಿಯವರು, ಕೆರೆಯ ಕೆಳಗೆ ಒಂದೂವರೆ ಎಕರೆ ಇದೆ. ಗುರುವಾರ ಹಾಲು ಅಳೆಯುತ್ತ ನನ್ನ ಮುಖ ನೋಡಿ ವಿಷಯ ಕೇಳಿದರು. ಹೇಳಿದೆ.

“ಪಹಣಿ ತಾನೆ ಬೇಕಿರೋದು? ನಂದೈತೆ. ಮೇಷ್ಟ್ರು ಅಂಥೋರಲ್ಲ ಅಂತ ಎಲ್ಲಿ ಬೇಕಾದ್ರೂ ಹೇಳ್ತೀನಿ. ಎಲ್ಲಿಗೆ ಬರ್ಬೇಕು ಹೇಳಮ್ಮ,” ಅಂದರು. ಶಾಲೆಯಲ್ಲಿ ಕೆಲಸ ಮಾಡುವವರೆಲ್ಲ ಅವರಿಗೆ ಮೇಷ್ಟ್ರೇ.

ಹತ್ತು ವರ್ಷದಿಂದ ‘ಬೋರಯ್ಯ, ನಿನ್ನ ಹಾಲು ಬರೀ ನೀರು’ ಎಂದು ದಿನಾ ಜಗಳ ತೆಗೆದವಳು ನಾನು. ಈಗ ಅವರನ್ನು ಏಕವಚನದಲ್ಲಿ ಕರೆಯಲು ನನ್ನ ನಾಲಿಗೆಯೇ ಏಳುತ್ತಿಲ್ಲ.

ಶುಕ್ರವಾರ ಕೋರ್ಟಿನಲ್ಲಿ ಸಾಹೇಬರು, ಈತನನ್ನು ಕರೆದಾಗ ತಂದು ಒಪ್ಪಿಸುವ ಹೊಣೆ ನಿಮ್ಮದು, ಒಪ್ಪಿಗೆಯೇ ಎಂದರು. ಬೋರಯ್ಯ “ಆಯ್ತು ಸ್ವಾಮಿ” ಎಂದು ಹೆಬ್ಬೆಟ್ಟು ಒತ್ತಿ, ಹೊರಗೆ ಬಂದು ಇವರ ಕೈ ಹಿಡಿದುಕೊಂಡರು. ಬಸ್ಸು ಇಳಿಯುವವರೆಗೂ ಬಿಡಲಿಲ್ಲ. ನಿಜವಾಗಲೂ ಇವರನ್ನು ತಮ್ಮ ಕೈಗೇ ಕೊಟ್ಟಿದ್ದಾರೆ ಎಂದುಕೊಂಡಿದ್ದಾರೆ ಅವರು!

ಇನ್ನು ಕೇಸು ಮುಗಿಯುವವರೆಗೆ ಇವರು ಬೆಂಗಳೂರು ಬಿಟ್ಟು ಹೋಗುವಂತಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಜಯನಗರದ ಪೊಲೀಸ್ ಸ್ಟೇಷನ್ನಿಗೆ ಹೋಗಿ ಪುಸ್ತಕದಲ್ಲಿ ಸಹಿ ಹಾಕಬೇಕು. ನಿನ್ನೆ ಮೊದಲ ಸಹಿ ಆಯಿತು. ಶಾಲೆಯವರು ಕೆಲಸದಿಂದ ಅಮಾನತು ಮಾಡಿದ್ದಾರೆ.

ಮಂಗಳ ಅತ್ತಳು ಎಂದು ಬರೆದಿದ್ದೀಯ. ನಿನ್ನ ಗುಣ ನನಗೆ ಗೊತ್ತು ಅಣ್ಣಾ. ನೀನು ಒಮ್ಮೆ ಬೇಡ ಎಂದರೆ ಮುಗಿಯಿತು. ಅಪ್ಪ ಹೋದ ಮೇಲೆ ನನಗೆ ತವರು ಎಂದರೆ ನೀನು. ಅದೊಂದನ್ನು ಕಳೆದುಕೊಳ್ಳುವ ಶಕ್ತಿ ನನಗಿಲ್ಲ.

ಕಮಲ


ಜೆ.ಪಿ. ನಗರ
9 ಏಪ್ರಿಲ್ 1984

ಅಣ್ಣನಿಗೆ ಕಮಲಳ ಶರಣು.

ಪತ್ರ ಬಂತು. ಮಂಗಳ ಧೈರ್ಯ ತಂದುಕೊಳ್ಳಲಿ. ಆ ಶಾಲೆ ಯಾವುದೆಂದು ಇವರಿಗೂ ತಿಳಿಯದಂತೆ. ಬೆಂಗಳೂರಿನಲ್ಲಿ ಶಾಲೆಗಳು ಒಂದೇ ಎರಡೇ. ರಜೆಯಲ್ಲಿ ಇವರಿಗೆ ಆಫೀಸಿನ ಕೆಲಸ ಹೆಚ್ಚು, ಬರಲಾಗುವುದಿಲ್ಲ. ಇಲ್ಲಿ ಬಿಸಿಲು ಜೋರಾಗಿದೆ. ಹಪ್ಪಳವನ್ನು ಬರುವವರ ಕೈಯಲ್ಲಿ ಕಳಿಸು.

ಕಮಲ


ಕಡೂರು
20 ಜೂನ್ 1984

ಚಿ. ಕಮಲಳಿಗೆ,

ಎರಡು ಸಂತೋಷದ ಸುದ್ದಿ, ಒಂದು ಜಗಳ. ಮೊದಲು ಸಂತೋಷ. ಮಂಗಳ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಎರಡನೆಯದು, ನಮ್ಮ ದೊಡ್ಡ ಮಗಳು ಶಾಂತಳಿಗೆ ಗಂಡು ಗೊತ್ತಾಗಿದೆ. ನಿಮ್ಮ ಬನಶಂಕರಿಯವರೇ, ಪರಮಶಿವಯ್ಯ ಎನ್ನುವವರ ಮಗ. ಹುಡುಗನಿಗೆ ಟೆಲಿಫೋನ್ ಕಾರ್ಖಾನೆಯಲ್ಲಿ ಕೆಲಸ. ನಿಶ್ಚಿತಾರ್ಥ ಶ್ರಾವಣದಲ್ಲಿ, ಆಗಸ್ಟ್ ಐದನೇ ತಾರೀಖು ಭಾನುವಾರ, ಇಲ್ಲೇ ಕಡೂರಿನಲ್ಲಿ.

ಇನ್ನು ಜಗಳ. ಮೇ ತಿಂಗಳೆಲ್ಲ ಕಾದೆವು. ನೀವು ಬರಲಿಲ್ಲ. ಹೋಗಲಿ ಬಿಡು. ಇದಕ್ಕೆ ಮಾತ್ರ ಭಾವನವರು ಬರದೆ ಆಗುವುದಿಲ್ಲ. ತಾಂಬೂಲದ ತಟ್ಟೆಗೆ ಮೊದಲು ಕೈ ಹಚ್ಚಬೇಕಾದವರು ಮನೆಯ ಹೆಣ್ಣುಮಗಳ ಗಂಡ. ಅಜ್ಜನ ಕಾಲದಿಂದ ನಮ್ಮಲ್ಲಿ ನಡೆದು ಬಂದದ್ದು. ನನ್ನ ನಿಶ್ಚಿತಾರ್ಥದಲ್ಲಿ ದೊಡ್ಡತ್ತೆಯ ಯಜಮಾನರ ಬಸ್ಸು ಕೆಟ್ಟು ಎಲ್ಲರೂ ಮಧ್ಯಾಹ್ನ ಮೂರರವರೆಗೆ ಹಸಿದು ಕೂತಿದ್ದೆವು, ನಿನಗೆ ನೆನಪಿರಬೇಕು. ಅವರು ಬಂದು ಮುಟ್ಟಿದ ಮೇಲೆಯೇ ಅಪ್ಪ ತಟ್ಟೆ ಎತ್ತಿದ್ದು. ಆದ್ದರಿಂದ ಶನಿವಾರವೇ ಬನ್ನಿ.

ಚನ್ನಬಸವಯ್ಯ


ಜೆ.ಪಿ. ನಗರ
2 ಜುಲೈ 1984

ಅಣ್ಣನಿಗೆ ಶರಣು.

ಶಾಂತಳ ಸುದ್ದಿ ಓದಿ ಕಣ್ಣಲ್ಲಿ ನೀರು ಬಂತು. ನಾನು ಎತ್ತಿ ಆಡಿಸಿದ ಕೂಸು. ಆದರೆ ಆಗಸ್ಟ್ ಐದರಂದು ಇವರಿಗೆ ಬಿಡುವಾಗುವುದಿಲ್ಲ. ಭಾನುವಾರಗಳಲ್ಲಿ ಇವರಿಗೆ ಒಂದು ಕೆಲಸ ಒಪ್ಪಿಸಿದ್ದಾರೆ, ತಪ್ಪಿಸುವಂತಿಲ್ಲ. ನಾನೊಬ್ಬಳೇ ಬರುತ್ತೇನೆ. ತಟ್ಟೆಯನ್ನು ಈ ಸಲ ಬೇರೆ ಯಾರಾದರೂ ಮುಟ್ಟಿದರೆ ಆಗದೇ? ಕಾಲ ಬದಲಾಗಿದೆಯಲ್ಲ. ಅತ್ತಿಗೆಗೆ ಬೇಜಾರಾಗದಂತೆ ಹೇಳು.

ಕಮಲ


ಕಡೂರು
12 ಜುಲೈ 1984

ಕಮಲಾ,

ಇನ್ನು ಮುಚ್ಚುಮರೆ ಬೇಡ. ನಮ್ಮ ಅಂಗಡಿಯ ಗುರುಬಸಪ್ಪ ಹೋದ ತಿಂಗಳು ಕೊನೆಗೆ ನಿಮ್ಮಲ್ಲಿ ಎರಡು ದಿನ ಇದ್ದು ಹಪ್ಪಳ ಕೊಟ್ಟು ಬಂದನಲ್ಲ, ಎಲ್ಲವನ್ನೂ ಹೇಳಿದ. ಸೋಮವಾರವೂ ಭಾವನವರು ಶಾಲೆಗೆ ಹೋಗಲಿಲ್ಲವಂತೆ. ಭಾನುವಾರ ಮಾತ್ರ ಬೆಳಿಗ್ಗೆ ಎದ್ದು ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ವಿಭೂತಿ ಹಚ್ಚಿಕೊಂಡು ಒಂಬತ್ತೂವರೆಗೆ ಹೊರಟರಂತೆ. ಜೊತೆಗೆ ಬರುತ್ತೇನೆಂದರೆ ಬೇಡವೇ ಬೇಡ ಎಂದರಂತೆ. ಎಲ್ಲಿಗೆ ಎಂದು ಕೇಳಿದ್ದಕ್ಕೆ ನೀನು ಒಗ್ಗರಣೆ ಸೀಯುತ್ತದೆ ಎಂದು ಒಳಗೆ ಓಡಿದೆಯಂತೆ. ಅವನು ಸುಳ್ಳು ಹೇಳುವವನಲ್ಲ, ನಾನೂ ಮೊನ್ನೆ ಮೊನ್ನೆ ಹುಟ್ಟಿದವನಲ್ಲ.

ಪ್ರತಿ ಭಾನುವಾರ ಇಸ್ತ್ರಿ ಅಂಗಿ ತೊಟ್ಟು ಹೋಗುವ ಮನೆ ಯಾವುದು? ಯಾರವಳು?

ಅಪ್ಪ ಈ ಸಂಬಂಧಕ್ಕೆ ಹಿಂದೆ ಮುಂದೆ ನೋಡಿದಾಗ ‘ಹುಡುಗನಿಗೆ ನಾನು ಜಾಮೀನು, ಕಣ್ಣು ಮುಚ್ಚಿ ಕೊಡಿ’ ಎಂದವನು ನಾನು. ಅಪ್ಪ ಇದ್ದಿದ್ದರೆ ಅವರ ಮುಂದೆ ಹೇಗೆ ನಿಲ್ಲುತ್ತಿದ್ದೆ? ನಿಜ ಬರಿ. ನಿನ್ನ ತಪ್ಪೇನೂ ಇಲ್ಲ, ನಿನ್ನ ಕೋಣೆ ಇಲ್ಲಿ ಹಾಗೆಯೇ ಇದೆ. ನಿನ್ನ ಪತ್ರ ಬರದಿದ್ದರೆ ನಾನೇ ಬಂದು ಕರೆದುಕೊಂಡು ಬರುತ್ತೇನೆ. ಆ ಮನುಷ್ಯನನ್ನು ನಾನು ಭಾವ ಎಂದು ಬರೆಯುವುದು ಈ ಪತ್ರವೇ ಕೊನೆ.

ಚನ್ನಬಸವಯ್ಯ


ಜೆ.ಪಿ. ನಗರ
17 ಜುಲೈ 1984

ಅಣ್ಣಾ,

ನೀನು ಅಂದುಕೊಂಡಂತೆ ಏನೂ ಇಲ್ಲ. ನಿನ್ನ ಕಾಲಿಗೆ ಬೀಳುತ್ತೇನೆ, ಅಂಥ ಮಾತು ಬರೆಯಬೇಡ. ಸಿದ್ದಾಪುರದಲ್ಲಿ ಇವರಿಗೆ ಪಾಠ ಹೇಳಿದ ಮುದುಕರೊಬ್ಬರಿದ್ದಾರೆ. ಅವರಿಗೆ ಕಣ್ಣು ಕಾಣುವುದಿಲ್ಲ. ಭಾನುವಾರ ಭಾನುವಾರ ಹೋಗಿ ಪೇಪರ್ ಓದಿ ಹೇಳಿ ಬರುತ್ತಾರೆ. ಅಷ್ಟೆ. ಯಾರಿಗೂ ಹೇಳಿಕೊಂಡು ಮಾಡುವ ಕೆಲಸವಲ್ಲ ಎಂದು ಗುರುಬಸಪ್ಪನಿಗೆ ಹೇಳಲಿಲ್ಲ.

ಕರೆದುಕೊಂಡು ಹೋಗಲು ಬರಬೇಡ. ನಾನು ಚೆನ್ನಾಗಿದ್ದೇನೆ.

ಕಮಲ


ಕಡೂರು
24 ಜುಲೈ 1984

ಕಮಲಾ,

ಕೂತುಕೊಂಡು ಓದು.

ಕಣ್ಣು ಕಾಣದ ಮುದುಕರಿಗೆ ಪೇಪರ್ ಓದಲು ವರ್ಷಕ್ಕೊಂದು ಭಾನುವಾರವೂ ತಪ್ಪಿಸಲಾಗುವುದಿಲ್ಲವೇ? ಸೊಸೆಯಾಗುವವಳ ಜಾತಕ ತೋರಿಸುತ್ತೇನೆಂದು ನಿನ್ನ ಅತ್ತಿಗೆಗೆ ಬುರುಡೆ ಬಿಟ್ಟು ಶನಿವಾರದ ರೈಲು ಹತ್ತಿದೆ. ನಮಗೆ ಮಗನೇ ಇಲ್ಲ, ಯಾರ ಸೊಸೆ ಎಂದು ಅವಳು ಕೇಳುವಷ್ಟರಲ್ಲಿ ಬೀದಿಯಲ್ಲಿದ್ದೆ. ಭಾನುವಾರ ಎಂಟೂವರೆಗೆಲ್ಲ ನಿಮ್ಮ ಬೀದಿಯ ತುದಿಯ ಬೇಕರಿಯಲ್ಲಿ ಕೂತಿದ್ದೆ. ತಂಗಿಯ ಮನೆ ಕಣ್ಣೆದುರು ಇದೆ, ನೀನು ಬಾಗಿಲಿಗೆ ರಂಗೋಲಿ ಹಾಕುವುದು ಕಾಣುತ್ತಿದೆ, ನಾನು ತಲೆಗೆ ಟವೆಲ್ ಸುತ್ತಿಕೊಂಡು ಕಳ್ಳನ ಹಾಗೆ ಬನ್ನು ತಿನ್ನುತ್ತಿದ್ದೇನೆ.

ಭಾವನವರು ಒಂಬತ್ತೂವರೆಗೆ ಹೊರಟರು. ಎಷ್ಟು ಸೊರಗಿದ್ದಾರೆ! ಆಗ ನನಗೆ ಕನಿಕರ ಬರಲಿಲ್ಲ, ಇಸ್ತ್ರಿ ಅಂಗಿಯೇ ಕಣ್ಣಿಗೆ ಬಿತ್ತು. ಬಸ್ ಸ್ಟಾಪಿನ ಹತ್ತಿರ ಹೂವು ಮಾರುವವಳ ಮುಂದೆ ನಿಂತರು. ಮಲ್ಲಿಗೆ ಕೊಂಡರೆ ಅಲ್ಲೇ ಕೊರಳಪಟ್ಟಿ ಹಿಡಿಯೋಣ ಎಂದು ಎರಡು ಹೆಜ್ಜೆ ಮುಂದೆ ಹೋದೆ. ಅವರು ಬಗ್ಗಿ ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಂಡು ಎದ್ದರು. ಅವರು ಮುಂದಿನ ಬಾಗಿಲಲ್ಲಿ ಬಸ್ಸು ಹತ್ತಿದರು, ನಾನು ಹಿಂದಿನ ಬಾಗಿಲಲ್ಲಿ. ಜಯನಗರದಲ್ಲಿ ಇಳಿದರು. ಹಿಂದೆಯೇ ಹೋದೆ. ಸೀದಾ ಪೊಲೀಸ್ ಸ್ಟೇಷನ್ನಿನ ಒಳಗೆ ಹೋಗಿಬಿಟ್ಟರು.

ನಾನು ದಾರಿಯಲ್ಲೇ ನಿಂತೆ. ಎದುರಿನ ಟೀ ಅಂಗಡಿಯಲ್ಲಿ ಹಾಲಿನ ಕ್ಯಾನು ತೂಗುಹಾಕಿದ ಸೈಕಲ್ಲಿಗೆ ಒರಗಿಕೊಂಡು ಒಬ್ಬ ಹಿರಿಯರು ಆ ಬಾಗಿಲನ್ನೇ ನೋಡುತ್ತಿದ್ದರು. ಈಗ ಒಳಗೆ ಹೋದವರು ಯಾರು, ಏನು ವಿಷಯ ಎಂದು ಕೇಳಿದೆ.

“ನಮ್ಮ ಮೇಷ್ಟ್ರು ಕಣಣ್ಣ. ವಾರಕ್ಕೊಂದ್ಸಲ ಬಂದು ಸೈನ್ ಮಾಡ್ಬೇಕು. ಬೇಲಿನ ಮೇಲೆ ಅವ್ರೆ. ನಾನೇ ಅವ್ರಿಗೆ ಜಾಮೀನು.”

“ಜಾಮೀನು ನಿಂತ್ರೆ ವಾರವಾರ ನೀವೂ ಬರ್ಬೇಕಾ?”

“ಲಾಯರ್ರು ಬ್ಯಾಡ ಅಂತಾರೆ. ಅದೆಂಗಾಯ್ತದೆ? ಜಡ್ಜು ಸಾಹೇಬ್ರು ಅಷ್ಟು ಜನದ ಮುಂದೆ ಮನುಷ್ಯನ್ನ ನನ್ ಕೈಗೆ ಕೊಟ್ಟವ್ರೆ. ಊಟ ಮಾಡ್ತಾರೋ ಇಲ್ವೋ, ರಸ್ತೇಲಿ ಸರಿಯಾಗಿ ನಡೀತಾರೋ ಇಲ್ವೋ, ನೋಡ್ಬೇಕಲ್ವಾ ನಾನು? ತೀರ ಮನಸ್ಸಿಗೆ ಹಚ್ಕೊಂಡವ್ರೆ ಕಣಣ್ಣ. ಬ್ಯಾರೆಯವ್ರು ಮಾಡಿದ್ದು ಇವ್ರ ತಲೆಗೆ ಬಂದೈತೆ.”

ಪ್ರಶ್ನೆಪತ್ರಿಕೆಯ ಕಥೆಯನ್ನೆಲ್ಲ ಹೇಳಿದರು. ನಿಮ್ಮದು ಯಾವೂರು ಎಂದು ಕೇಳಿದರು. ಬಾಯಿ ತಪ್ಪಿ ಕಡೂರು ಎಂದೆ.

“ಅಯ್ಯೋ, ಅಮ್ಮನ ತವರೂ ಅದೇ! ಅಣ್ಣ, ನಿಮ್ಗೆ ಕೈ ಮುಗೀತೀನಿ, ಊರಲ್ಲಿ ಎಲ್ಲೂ ಬಾಯಿ ಬಿಡ್ಬ್ಯಾಡಿ. ಆಯಮ್ಮನ ಅಣ್ಣ ಅಲ್ಲಿ ಪಾತ್ರೆ ಅಂಗಡಿ ಇಟ್ಟವ್ರಂತೆ. ಅವ್ರಿಗೇನಾರ ಗೊತ್ತಾದ್ರೆ ತಂಗೀನ ಮತ್ತೆ ಹೊಸ್ಲು ತುಳಿಯೋಕೆ ಬಿಡಲ್ವಂತೆ.”

ಕಮಲಾ, ನಾನು ಅಷ್ಟು ಕೆಟ್ಟವನೇನೇ?

ಟೀ ಲೋಟ ಕೈಯಲ್ಲೇ ತಣ್ಣಗಾಯಿತು. ಯಾರಲ್ಲೂ ಹೇಳಬಾರದ ಮಾತೊಂದನ್ನು ನಿನಗೆ ಹೇಳುತ್ತೇನೆ. ಪೊಲೀಸ್ ಕೇಸು ಎಂದು ತಿಳಿದಾಗ ನನಗೆ ಮೊದಲು ಆದದ್ದು ಸಮಾಧಾನ. ಸದ್ಯ, ಅವಳ್ಯಾರೂ ಇಲ್ಲ! ಹೊಟ್ಟೆಯಲ್ಲಿ ಹಾಲು ಹೊಯ್ದ ಹಾಗಾಯಿತು. ಪೊಲೀಸ್ ಸ್ಟೇಷನ್ನಿನ ಮುಂದೆ ನಿಂತು ‘ಶಿವನೇ, ನೀನಿದ್ದೀಯ’ ಎಂದು ಕೈ ಮುಗಿದವನು ಇಡೀ ಜಯನಗರದಲ್ಲಿ ನಾನೊಬ್ಬನೇ ಇರಬೇಕು. ಆಮೇಲೆ ಏಪ್ರಿಲ್ ತಿಂಗಳಲ್ಲಿ ನಾನು ಬರೆದ ಪತ್ರ ನೆನಪಾಯಿತು. ಉಗಿಸಬೇಕು ಎಂದಿದ್ದೆ. ಅವನ ಹೆಂಡತಿ ಹೇಗೆ ಅನ್ನ ನುಂಗುತ್ತಾಳೋ ಎಂದಿದ್ದೆ. ಆ ಸಮಾಧಾನವೆಲ್ಲ ಅಲ್ಲೇ ಇಳಿದು ಹೋಯಿತು.

ಭಾವನವರು ಹೊರಗೆ ಬಂದರು. ಆ ಹಿರಿಯರು ಅವರಿಗೆ ಟೀ ಕುಡಿಸಿ, ಜೊತೆಯಲ್ಲೇ ಸೈಕಲ್ಲು ತಳ್ಳಿಕೊಂಡು ನಡೆದರು. ನನಗೆ ಎದುರಿಗೆ ಹೋಗುವ ಮುಖವಿರಲಿಲ್ಲ. ಜಾಮೀನು ನಿಲ್ಲಲು ಹಾಲಿನವರು ಬೇಕಾದರು, ಒಡಹುಟ್ಟಿದವನಿಗೆ ಒಂದು ತಂತಿ ಇಲ್ಲ. ಕಡೂರಿನ ಮನೆ, ಅಂಗಡಿ ಎಲ್ಲವನ್ನೂ ಬರೆದು ಕೊಡುತ್ತಿದ್ದೆನಲ್ಲ! ಕೋಪ ನಿನ್ನ ಮೇಲೋ ನನ್ನ ಮೇಲೋ ತಿಳಿಯದೆ, ಎದುರಿಗೆ ಬಂದ ಬಸ್ಸು ಹತ್ತಿದೆ. ಅದು ಬನಶಂಕರಿಗೆ ಹೋಗುವುದಾಗಿತ್ತು.

ಪರಮಶಿವಯ್ಯನವರ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ನಮ್ಮ ಭಾವ ಬೇಲಿನ ಮೇಲೆ ಇದ್ದಾರೆ, ಅವರು ಕಳ್ಳರಲ್ಲ, ತಟ್ಟೆಗೆ ಮೊದಲು ಕೈ ಹಚ್ಚುವವರು ಅವರೇ, ನಿಮಗೆ ಆಗದಿದ್ದರೆ ಈಗಲೇ ಹೇಳಿ ಎಂದೆ. ಮಗಳ ಮದುವೆ ನನ್ನ ಬಾಯಿಂದಲೇ ಮುರಿಯಿತು ಎಂದುಕೊಂಡೆ. ಅವರು ಹೆಂಡತಿಯ ಕಡೆ ನೋಡಿ ನಕ್ಕುಬಿಟ್ಟರು.

“ನನ್ನ ತಮ್ಮ ಎಮರ್ಜೆನ್ಸೀಲಿ ಹದಿನೆಂಟು ತಿಂಗಳು ಒಳಗಿದ್ದ, ಬೇಲೂ ಸಿಗಲಿಲ್ಲ. ಈ ವಿಷಯ ನಿಮಗೆ ಹೇಗಪ್ಪಾ ಹೇಳೋದು ಅಂತ ನಾವೇ ಒಂದು ತಿಂಗಳಿಂದ ಒದ್ದಾಡ್ತಿದ್ವಿ. ನಿಮ್ಮವರಿಗೆ ಬೇಲಾದ್ರೂ ಸಿಕ್ಕಿದೆಯಲ್ಲ ಸಾರ್, ಬಿಡಿ!”

ಆದ್ದರಿಂದ ಹೀಗೆ. ನಿಶ್ಚಿತಾರ್ಥ ಕಡೂರಿನಲ್ಲಿ ಅಲ್ಲ, ಬನಶಂಕರಿಯಲ್ಲಿ ಅವರ ಮನೆಯಲ್ಲೇ. ದಿನ ಅದೇ, ಭಾನುವಾರ. ಮುಹೂರ್ತ ಹನ್ನೊಂದೂವರೆಗೆ ಇಡಿಸಿದ್ದೇನೆ. ಭಾವನವರು ಹತ್ತಕ್ಕೆ ಸಹಿ ಹಾಕಿ ನಿಧಾನವಾಗಿ ಬರಲಿ.

ಅಣ್ಣ


ಜೆ.ಪಿ. ನಗರ
27 ಜುಲೈ 1984

ಅಣ್ಣಾ,

ಮೊದಲು ಬೈಯುತ್ತೇನೆ. ನನ್ನನ್ನು ಒಂದು ಮಾತು ಕೇಳದೆ ಬೀಗರಾಗುವವರ ಮನೆಗೆ ಹೋಗಿ ಹೇಳಿಬಿಟ್ಟೆಯಲ್ಲ, ಅವರು ಬೇಡ ಎಂದಿದ್ದರೆ? ಶಾಂತಳ ಬಾಳಿಗೆ ನಾನು ಮುಳ್ಳಾಗುತ್ತಿರಲಿಲ್ಲವೇ? ಬುದ್ಧಿ ಇದೆಯೇ ನಿನಗೆ? ಬೇಕರಿಯಲ್ಲಿ ಕೂತು ಬನ್ನು ತಿಂದು, ಮನೆಗೆ ಬಾರದೆ ಹೋದೆಯಲ್ಲ. ಅವತ್ತು ಮನೆಯಲ್ಲಿ ಅಕ್ಕಿ ರೊಟ್ಟಿ ಮಾಡಿದ್ದೆ.

ಬೈದದ್ದು ಆಯಿತು. ನಿನ್ನ ಪತ್ರವನ್ನು ಓದುತ್ತ ಅಡುಗೆಮನೆಯ ನೆಲದ ಮೇಲೆ ಕೂತವಳು ಏಳಲೇ ಇಲ್ಲ. ಅಳು ಬಂತು, ನಗು ಬಂತು, ಮತ್ತೆ ಅಳು. ನಾಲ್ಕು ತಿಂಗಳಿಂದ ಎದೆಯ ಮೇಲೆ ಹೊತ್ತದ್ದನ್ನು ಯಾರೋ ಇಳಿಸಿಕೊಂಡರು. ನೀನು ಕೆಟ್ಟವನಲ್ಲ ಅಣ್ಣಾ. ನಾನು ಹೆದರಿದವಳು. ‘ಹುಡುಗನಿಗೆ ನಾನು ಜಾಮೀನು’ ಎಂದು ನೀನು ಬರೆದದ್ದು ನೋಡಿ, ನಿನಗೆ ಎಲ್ಲ ಗೊತ್ತಾಗಿ ಕುಟುಕಿದ್ದೀಯ ಎಂದುಕೊಂಡು ಆ ಮುದುಕರ ಕಥೆ ಕಟ್ಟಿದೆ. ಏಪ್ರಿಲಿನಲ್ಲೇ ನಿನಗೆ ಎಲ್ಲವನ್ನೂ ಬರೆದು, ಟಪಾಲಿಗೆ ಹಾಕದೆ ಸೀರೆಗಳ ಕೆಳಗೆ ಇಟ್ಟಿದ್ದೆ. ಅದನ್ನೂ ಇದರ ಜೊತೆ ಕಳಿಸುತ್ತಿದ್ದೇನೆ.

ಆದರೆ ಇವರು ಬರುವುದಿಲ್ಲ ಎನ್ನುತ್ತಾರೆ. ನಿನ್ನ ಮೇಲಿನ ಸಿಟ್ಟಿಗಲ್ಲ. ಏಪ್ರಿಲಿನಲ್ಲಿ ನಿನ್ನ ಪತ್ರ ಬಂದಾಗ ನನ್ನ ಕೈ ಹಿಟ್ಟಾಗಿತ್ತು. ಒಡೆದು ಓದಿ ಎಂದೆ. ಇವರೇ ಅದನ್ನು ಒಂದಕ್ಷರ ಬಿಡದೆ ನನಗೆ ಓದಿ ಹೇಳಿದರು. ‘ಮಕ್ಕಳಿಂದಲೇ ಉಗಿಸಬೇಕು’ ಎನ್ನುವುದನ್ನೂ ಓದಿದರು, ದನಿ ಒಂದಿಷ್ಟೂ ಏರಿಳಿಯಲಿಲ್ಲ. ಮಡಿಸಿ ಇಟ್ಟು ಹೊರಗೆ ಹೋದರು. ಅವತ್ತಿನಿಂದ ಕಡೂರಿನ ಕಾಗದ ಬಂದರೆ ಮುಟ್ಟುವುದಿಲ್ಲ.

“ಆ ಮಗು ದೇವರ ಮನೆ ಬಾಗಿಲು ಹಾಕ್ಕೊಂಡು ಅತ್ತಿದೆ ಕಮಲ. ತೆಗೆದದ್ದು ನಾನಲ್ಲ, ನಿಜ. ಆದರೆ ಕೀಲಿ ನನ್ನ ಹತ್ರಾನೇ ಇತ್ತು. ಅವಳೆದುರು ಕೂತು ನಾನು ಹೇಗೆ ತಟ್ಟೆ ಮುಟ್ಟಲಿ?” ಎನ್ನುತ್ತಾರೆ.

ಬೋರಯ್ಯನವರೂ ಹೇಳಿ ನೋಡಿದರು. ಆಗಲಿಲ್ಲ. ಏನು ಮಾಡಲಿ ಹೇಳು.

ಕಮಲ


ಕಡೂರು
31 ಜುಲೈ 1984

ಕಮಲಾ,

ನಿನ್ನ ಕಾಗದವನ್ನು ನಡುಮನೆಯಲ್ಲಿ ಗಟ್ಟಿಯಾಗಿ ಓದಿದೆ. ಏಪ್ರಿಲಿನದನ್ನೂ ಓದಿದೆ. ನಿನ್ನ ಅತ್ತಿಗೆ ಅತ್ತಳು. ಮಂಗಳ ಮಾತ್ರ ಬಿಳಿಚಿಕೊಂಡು ನಿಂತಿದ್ದಳು. ಏನೇ ಎಂದೆ. ಓಡಿ ಹೋಗಿ ಅವರಮ್ಮನ ಹಿಂದೆ ನಿಂತುಕೊಂಡು ಹೇಳಿದಳು.

“ಅಪ್ಪಾಜಿ, ಬೈಬೇಡಿ. ನಾನು ಅವತ್ತು ಅತ್ತಿದ್ದು ಸಂತೋಷಕ್ಕೆ. ಮೊದಲನೇ ಸಲ ಗಣಿತ ಪೂರ್ತಿ ಕೆಟ್ಟುಹೋಗಿತ್ತು. ಫೇಲಾಗ್ತಿದ್ದೆ. ಹೇಗಾದ್ರೂ ರದ್ದಾಗಲಿ ಅಂತ ದೇವರಿಗೆ ದಿನಾ ಕೈ ಮುಗೀತಿದ್ದೆ.”

ಎರಡನೇ ಸಲ ಬರೆದದ್ದಕ್ಕೆ ಬಂದ ಎಂಬತ್ತನಾಲ್ಕನ್ನು ನಾನು ಕಡೂರಿಗೆಲ್ಲ ಸಾರಿದ್ದೇನೆ! ನಾಲ್ಕು ತಿಂಗಳಿಂದ ಯಾವ ದುಃಖಕ್ಕೆ ನಾನು ಊರವರನ್ನೆಲ್ಲ ಬೈದೆನೋ ಆ ದುಃಖವೇ ಇರಲಿಲ್ಲ. ಬೈಯೋಣ ಎಂದು ಬಾಯಿ ತೆರೆದೆ. ಗಿರಿಜ ನಗಲು ಶುರು ಮಾಡಿದಳು, ಶಾಂತಳೂ ನಕ್ಕಳು, ಕೊನೆಗೆ ನಾನೂ ಕೂತು ಕಣ್ಣೀರು ಬರುವಂತೆ ನಕ್ಕೆ. ನಮ್ಮ ಮನೆಯಲ್ಲಿ ಹೀಗೆ ನಕ್ಕು ಎಷ್ಟು ದಿನವಾಗಿತ್ತೋ.

ಭಾವನವರಿಗೆ ಇದನ್ನು ಹೇಳು. ಅವರು ಒಪ್ಪದಿದ್ದರೆ ಮಂಗಳಳೇ ಭಾನುವಾರ ಹತ್ತು ಗಂಟೆಗೆ ಆ ಟೀ ಅಂಗಡಿಯ ಹತ್ತಿರ ನಿಂತಿರುತ್ತಾಳಂತೆ, ಮಾವನ ಕೈ ಹಿಡಿದು ಕರೆದುಕೊಂಡೇ ಬರುತ್ತಾಳಂತೆ. ನಾನೂ ಜೊತೆಗಿರುತ್ತೇನೆ. ಈ ಸಲ ತಲೆಗೆ ಟವೆಲ್ ಇರುವುದಿಲ್ಲ. ಅವರ ಎದುರು ನಿಂತು ಏನು ಹೇಳಬೇಕೋ ನನಗೆ ಗೊತ್ತಿಲ್ಲ, ತಪ್ಪಾಯಿತು ಎನ್ನುತ್ತೇನೆ.

ಬೋರಯ್ಯನವರನ್ನೂ ಕರಿ. ಮನೆಯವರ ಸಾಲಿನಲ್ಲಿ ಕೂರಬೇಕು ಎಂದು ಹೇಳು.

ಅಣ್ಣ


ಜೆ.ಪಿ. ನಗರ
18 ಫೆಬ್ರುವರಿ 1985

ಅಣ್ಣನಿಗೆ, ಅತ್ತಿಗೆಗೆ, ಮಕ್ಕಳಿಗೆ ಕಮಲಳ ಶರಣು.

ಮುಗಿಯಿತು! ತಂತಿ ಕೊಡೋಣವೆಂದರೆ ಇಷ್ಟನ್ನೆಲ್ಲ ಅದರಲ್ಲಿ ಹೇಗೆ ತುಂಬಲಿ?

ಆ ಪ್ರಶ್ನೆಪತ್ರಿಕೆಯನ್ನು ಮಾರಿದವನು ಸಿಕ್ಕಿದ್ದ ಎಂದು ಸಂಕ್ರಾಂತಿಯಲ್ಲಿ ಬರೆದಿದ್ದೆನಲ್ಲ, ಅವನು ಎಲ್ಲ ಬಾಯಿ ಬಿಟ್ಟ. ಪರೀಕ್ಷೆಯ ಕೆಲಸಕ್ಕೆಂದು ಹೊರಗಿನಿಂದ ಬಂದಿದ್ದ ಒಬ್ಬ, ಇವರು ಕೀಲಿ ಬಿಚ್ಚಿಟ್ಟು ಸ್ನಾನಕ್ಕೆ ಹೋದಾಗ ಅದನ್ನು ಸೋಪಿನ ಮೇಲೆ ಒತ್ತಿ ಅಚ್ಚು ತೆಗೆದುಕೊಂಡಿದ್ದನಂತೆ. ಆ ವಾರ ಇವರು ಕಾವಲಿಗೆ ಶಾಲೆಯಲ್ಲೇ ಮಲಗುತ್ತಿದ್ದರು. ಶುಕ್ರವಾರ ಕೋರ್ಟಿನಲ್ಲಿ ಇವರ ಹೆಸರನ್ನು ಕೇಸಿನಿಂದ ತೆಗೆದುಹಾಕಿದರು. ಜಾಮೀನೂ ರದ್ದು. ಬೋರಯ್ಯನವರ ಕಾಗದಗಳನ್ನು ವಾಪಸು ಕೊಟ್ಟರು. ಅವರು ಅದನ್ನು ಕೈಯಲ್ಲಿ ಹಿಡಿದುಕೊಂಡು “ಹಂಗಾದ್ರೆ ಇನ್ಮೇಲೆ ಮೇಷ್ಟ್ರು ನನ್ನ ಹೊಣೆ ಅಲ್ವಾ?” ಎಂದು ವಕೀಲರನ್ನು ಎರಡು ಸಲ ಕೇಳಿದರು. ಸಂತೋಷವೋ ಬೇಜಾರೋ ತಿಳಿಯಲಿಲ್ಲ.

ನಿನ್ನೆ ಭಾನುವಾರ. ಹೋಗಬೇಕಾದದ್ದು ಎಲ್ಲೂ ಇಲ್ಲ. ಆದರೂ ಇವರು ಒಂಬತ್ತಕ್ಕೇ ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಹಜಾರದಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಅಷ್ಟರಲ್ಲಿ ಗೇಟಿನ ಹತ್ತಿರ ಸೈಕಲ್ ಬೆಲ್ಲು. ಬೋರಯ್ಯನವರು!

“ಏನ್ಮಾಡೋದು ಮೇಷ್ಟ್ರೇ, ಭಾನುವಾರ ಅಂತ ಕಾಲು ತಾನಾಗೇ ಬಂದ್ಬಿಡ್ತು,” ಅಂದರು.

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಕಾಫಿ ಕೊಟ್ಟೆ. ಹತ್ತು ಹೊಡೆಯಿತು. ಯಾರೂ ಏಳಲಿಲ್ಲ. ಇವರು ಮೊದಲು ಸಣ್ಣಗೆ ನಕ್ಕರು, ಆಮೇಲೆ ಜೋರಾಗಿ ನಕ್ಕರು. ಅಣ್ಣಾ, ಆ ನಗು ಕೇಳಿ ನಾನು ಒಳಗೆ ಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೆ. ಅದು ಅಳುವಲ್ಲ, ನಿನಗೆ ಗೊತ್ತಿದೆ.

ಶಾಲೆಯವರೂ ಕೆಲಸಕ್ಕೆ ವಾಪಸು ಕರೆದಿದ್ದಾರೆ. ಶಾಂತಳ ಮದುವೆ ಮುಗಿಸಿಕೊಂಡು ಹೋಗಿ ಸೇರುತ್ತಾರೆ. ಮದುವೆಗೆ ಇನ್ನೂ ಇಪ್ಪತ್ತು ದಿನ ಇದೆ, ಆದರೆ ನಾವು ಈ ಭಾನುವಾರವೇ ಕಡೂರಿಗೆ ಬರುತ್ತೇವೆ. ಬೆಳಗಿನ ರೈಲಿಗೆ ಹೊರಡುತ್ತೇವೆ. ಬೋರಯ್ಯನವರು ಮದುವೆಯ ಹಿಂದಿನ ದಿನ ಬರುತ್ತಾರೆ, ಎಮ್ಮೆಗಳನ್ನು ಯಾರಿಗೋ ಒಪ್ಪಿಸಬೇಕಂತೆ.

ನಿನ್ನಲ್ಲಿ ಒಂದೇ ಒಂದು ಬೇಡಿಕೆ. ರೈಲು ಇಳಿದ ಮೇಲೆ ಜಟಕಾ ಮಾಡಬೇಡ. ಪೇಟೆ ಬೀದಿಯ ನಡುವೆಯೇ ಇವರನ್ನು ನಡೆಸಿಕೊಂಡು ಹೋಗು. ಹತ್ತು ತಿಂಗಳಿಂದ ಇವರು ರಸ್ತೆಯ ಅಂಚು ಹಿಡಿದು, ತಲೆ ತಗ್ಗಿಸಿಕೊಂಡು ನಡೆದಿದ್ದಾರೆ. ಆಗಸ್ಟಿನಲ್ಲಿ ಮಂಗಳ ಟೀ ಅಂಗಡಿಯಿಂದ ಕೈ ಹಿಡಿದು ಕರೆತಂದು ತಟ್ಟೆ ಮುಟ್ಟಿಸಿದ ದಿನವೂ ಹಾಗೆಯೇ ಬಂದರು. ನಿನಗೆ ಪರಿಚಯದವರ ಅಂಗಡಿ ಬಂದಾಗಲೆಲ್ಲ ನಿಲ್ಲಿಸು, ಇವರು ನಮ್ಮ ಭಾವ, ಬೆಂಗಳೂರಿನಿಂದ ಬಂದಿದ್ದಾರೆ ಎಂದು ಹೇಳು. ಒಬ್ಬರನ್ನೂ ಬಿಡಬೇಡ. ಮನೆ ಸೇರುವುದು ಎಷ್ಟು ಹೊತ್ತಾದರೂ ಆಗಲಿ, ನಾನು ಮುಂದೆ ಹೋಗಿರುತ್ತೇನೆ, ಊಟಕ್ಕೆ ಅತ್ತಿಗೆಯೂ ನಾನೂ ಕಾಯುತ್ತೇವೆ.

ಕಮಲ